ಹೊಡೆಯುವ ಕೈಗೆ ಬಳೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಆಗಲೂ ಹಾಗೇ, ಈಗಲೂ ಹಾಗೇ. ಹೊಳೆನರಸೀಪುರದಲ್ಲಿ ನಮ್ಮ ಮನೆಯಿಂದ ಹೇಮಾವತಿ ಹೊಳೆ ಕೂಗಳತೆ ದೂರ. ಬಟ್ಟೆ ಒಗೆಯಲು ಅವ್ವನ ಜೊತೆ ಹೋದರೆ, ನೀರೆರಚಿದ ಹುಡುಗರ ಮೇಲೆ ಬಿದ್ದು ಜಗಳವಾಡಿಯೇ ನಾನು ಮನೆಗೆ ಬರುತ್ತಿದ್ದುದು. "ಇದು ಎಣ್ಣೋ, ಬೀದಿ ಬಸವನೋ" ಎಂದು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಪ್ಪ ಮಾತ್ರ ಬೀಡಿ ಸೇದುತ್ತಾ ಮೀಸೆಯಲ್ಲೇ ನಗುತ್ತಿದ್ದ.

ಒಂದು ದಿನ ಹಾಗೇ ಒಬ್ಬನ ತಲೆಗೆ ಗುದ್ದಿದೆ. ಅವನು ಹಲ್ಲು ಕಿರಿದುಕೊಂಡು ಓಡಿಹೋದ. ನಾನು ಕೈ ಹಿಡಿದುಕೊಂಡು ಬೊಬ್ಬೆ ಹೊಡೆಯುತ್ತಾ ಮನೆಗೆ ಬಂದೆ. ಹಿತ್ತಿಲಲ್ಲಿ ನಮ್ಮಣ್ಣ ಕೂತಿದ್ದ. ಅವನು ಗರಡಿ ಮನೆಗೆ ಹೋಗುತ್ತಿದ್ದ ಕಾಲ ಅದು. ಮೈಗೆಲ್ಲ ಗರಡಿಯ ಕೆಂಪು ಮಣ್ಣು ಮೆತ್ತಿಕೊಂಡು ಬಂದು, ನೆನೆಸಿದ ಕಡಲೆಯನ್ನು ಬೆಲ್ಲದ ಜೊತೆ ಮೆಲ್ಲುತ್ತಾ ಕೂರುವನು. ಒಂದು ಕಾಳು ಕೇಳಿದರೆ ಕೊಡನು. ಅವತ್ತು ನನ್ನ ಅಳು ನೋಡಿ, "ಎಲ್ಲಿ, ಎಂಗೆ ಗುದ್ದಿದ್ಯೋ ಮುಷ್ಟಿ ಕಟ್ಟಿ ತೋರ್ಸು" ಎಂದ. ಕಟ್ಟಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ.

"ಎಬ್ಬೆಟ್ಟ ಒಳೀಕೆ ಮಡಿಕಂಡು ಗುದ್ದಿದ್ಯಲ್ಲಮ್ಮಿ! ಅದು ಅವನಿಗೆ ವಡ್ದಂಗಲ್ಲ, ನಿನ್ ಬೆಳ್ಳ ನೀನೇ ಮುರ್ಕಂಡಂಗೆ."

ಅಲ್ಲಿಂದ ಶುರುವಾಯಿತು ನನ್ನ ವಿದ್ಯಾಭ್ಯಾಸ. ಹಿತ್ತಿಲ ಗೋಡೆಗೆ ಎಮ್ಮೆಯ ಬೂಸದ ಮೂಟೆ ಒರಗಿಸಿ ಅದರ ಮುಂದೆ ನನ್ನನ್ನು ನಿಲ್ಲಿಸಿದ. ತಲೆಗೆ ಗುದ್ದಬೇಡ, ತಲೆ ಅನ್ನೋದು ಕಲ್ಲು, ಕಲ್ಲಿಗೆ ಗುದ್ದಿದರೆ ಗೆಣ್ಣೇ ಹೋಗುವುದು ಎಂದ. ಬೆರಳನ್ನೆಲ್ಲ ಹಿಂದಕ್ಕೆ ಬಾಗಿಸಿ, ಅಂಗೈಯ ಬುಡವನ್ನು ಮುಂದೆ ಮಾಡಲು ಹೇಳಿದ.

"ರೊಟ್ಟಿ ತಟ್ಟುವಾಗ ಹಿಟ್ಟು ಒತ್ತೀಯಲ್ಲ, ಆ ಮಾಂಸ ಕಣಮ್ಮಿ. ಅಲ್ಲಿ ತಗುಲ್ದ್ರೆ ನೋವು ಅವನಿಗೆ, ನಿನಗಲ್ಲ. ವಡುದ್ಬುಟ್ಟು ಸಿನಿಮಾದೋರಂಗೆ ನಿಂತ್ಕಬ್ಯಾಡ. ಓಡು!"

ಆ ಹಿತ್ತಿಲು, ಬೂಸದ ಆ ಹುಳಿ ವಾಸನೆ, ಪ್ರತಿ ಏಟಿಗೂ ಮೂಟೆಯಿಂದ ಏಳುತ್ತಿದ್ದ ಧೂಳು, "ಅಯ್ಯೋ, ಎಮ್ಮೆ ಮೇವೆಲ್ಲ ಮಣ್ಣುಪಾಲು ಮಾಡ್ತವಲ್ಲಪ್ಪ" ಎಂದು ಒಳಗಿನಿಂದ ಅವ್ವನ ಕೂಗು. ಆ ದಿನಗಳನ್ನು ನೆನೆದರೆ ಇವತ್ತಿಗೂ ನನ್ನ ಮೈ ಹಗುರಾಗುತ್ತದೆ. ಅಣ್ಣನಿಗೆ ನಾನು ತಂಗಿ ಅನ್ನುವುದೇ ಮರೆತುಹೋಗಿತ್ತೋ ಏನೋ, ತಮ್ಮನಿಗೆ ಕಲಿಸುವ ಹಾಗೆ ಕಲಿಸಿದ.

ಮುಂದೆ ನಾನು ಓದಿದೆ. ಹಠ ಮಾಡಿಯೇ ಓದಿದೆ ಅನ್ನಿ. ಹಾಸನಕ್ಕೆ ಹೋಗಿ ಟೀಚರ್ ಟ್ರೈನಿಂಗ್ ಮುಗಿಸಿದೆ. ಹಾಸನದ ಆ ಚಳಿ, ಬೆಳಿಗ್ಗೆ ಮಂಜಿನಲ್ಲಿ ಎದುರಿಗೆ ಬರುವವರ ಮುಖವೇ ಕಾಣದ ಬೀದಿಗಳು, ನಾವು ಗೆಳತಿಯರು ಒಂದೇ ಶಾಲಿನೊಳಗೆ ಇಬ್ಬಿಬ್ಬರು ತೂರಿಕೊಂಡು ಕ್ಲಾಸಿಗೆ ಓಡುತ್ತಿದ್ದುದು, ಎಲ್ಲ ನೆನಪಿದೆ. ಟ್ರೈನಿಂಗ್ ಮುಗಿಯುತ್ತಲೇ ಮದುವೆ. ಅರಕಲಗೂಡಿನ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಯಜಮಾನರು ಚನ್ನರಾಯಪಟ್ಟಣದಲ್ಲಿ ಗುಮಾಸ್ತರು. ಶನಿವಾರದ ಬಸ್ಸಿಗೆ ಬಂದು ಸೋಮವಾರ ಬೆಳಕು ಹರಿಯುವ ಮೊದಲೇ ಹೋಗುವರು. ಉಳಿದ ದಿನವೆಲ್ಲ ಮನೆಯಲ್ಲಿ ನಾನು ಮತ್ತು ನಮ್ಮತ್ತೆ.

ಅತ್ತೆಯ ವಿಷಯ ಹೇಳಬೇಕು. ಮಾವ ತೀರಿಕೊಂಡಾಗ ಅವರ ತಲೆಯಲ್ಲಿ ಇನ್ನೂ ಒಂದು ಬಿಳಿ ಕೂದಲಿರಲಿಲ್ಲವಂತೆ. ಬೋಳು ಹಣೆ, ಬೋಳು ಕೈ. ಇದ್ದ ಹೊಲವನ್ನು ತಾವೇ ನಿಂತು ಉಳಿಸಿಕೊಂಡು, ಮಗನನ್ನು ಓದಿಸಿದವರು. ಮಾತು ಕಡಿಮೆ, ಆಡಿದರೆ ಕತ್ತರಿ. ನನಗೋ ಬಾಯಿ ಜಾಸ್ತಿ. ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ.

ನನಗೆ ಪಕ್ಕದೂರಿನ ಶಾಲೆಗೆ ಆರ್ಡರ್ ಬಂದಾಗ ಅತ್ತೆ ಒಪ್ಪಲೇ ಇಲ್ಲ. ಹೊಲಕ್ಕೆ ಹೋಗುವ ಸೊಸೆಯರು ಊರು ತುಂಬ ಇದ್ದರು, ಅದು ತಪ್ಪಲ್ಲ. ಆದರೆ ಸೀರೆ ನೆರಿಗೆ ಹಿಡಿದು, ಚೀಲ ಹಾಕಿಕೊಂಡು, ಒಬ್ಬಳೇ ಇನ್ನೊಂದೂರಿಗೆ ಹೋಗುವುದೆಂದರೆ! ಯಜಮಾನರು ಹಾಗೂ ಹೀಗೂ ಒಪ್ಪಿಸಿದರು. ಅತ್ತೆ ಒಂದೇ ಮಾತು ಹೇಳಿದರು.

"ಓಗು. ಆದ್ರೆ ನಿನ್ ದೆಸೆಯಿಂದ ಒಂದು ಮಾತು ನನ್ ಕಿವಿಗೆ ಬೀಳ್ಬಾರ್ದು. ಬಿತ್ತೋ, ಮಾರ್ನೇ ದಿನದಿಂದ ನೀನು ವೊಸಲು ದಾಟ್ಬಾರ್ದು."

ಸರಿ ಅತ್ತೆಮ್ಮ ಎಂದೆ. ಆ ಕೆಲಸಕ್ಕೆ ನಾನು ಯಾವ ಷರತ್ತಿಗಾದರೂ ತಲೆ ಅಲ್ಲಾಡಿಸುತ್ತಿದ್ದೆ. ಒಂದೇ ಕೊಠಡಿಯ ಶಾಲೆ. ಹೆಂಚಿನ ಸಂದಿಯಿಂದ ಬಿಸಿಲು ಬಿದ್ದು ಮಕ್ಕಳ ಸ್ಲೇಟಿನ ಮೇಲೆ ಕೂರುತ್ತಿತ್ತು. ಮಗ್ಗಿ ಹೇಳುವಾಗ ಮುಂದಿನ ಸಾಲಿನವು ಒಂದು ಕಡೆ, ಹಿಂದಿನ ಸಾಲಿನವು ಇನ್ನೊಂದು ಕಡೆ ಎಳೆದುಕೊಂಡು ಹೋಗುತ್ತಿದ್ದವು. ಶಾಲೆಯ ಕಡೆಗೆ ಮುಖವನ್ನೇ ಹಾಕದಿದ್ದ ಹೆಣ್ಣು ಮಕ್ಕಳು, "ಮೇಷ್ಟ್ರಮ್ಮ ಬಂದವರಂತೆ, ಎಂಗಸಂತೆ" ಎಂದು ನೋಡಲು ಬಂದು, ನೋಡುತ್ತಾ ನೋಡುತ್ತಾ ಅಲ್ಲೇ ಕೂತುಬಿಟ್ಟವು. ಅವುಗಳನ್ನು ಬಿಟ್ಟು ಮನೆಯಲ್ಲಿ ಕೂತಿದ್ದರೆ ನಾನು ಬದುಕುತ್ತಿರಲಿಲ್ಲ. ಸುಮ್ಮನೆ ಹೇಳುವ ಮಾತಲ್ಲ ಇದು.

ಶಾಲೆಯಿಂದ ಮನೆಗೆ ಬರುವ ದಾರಿ ಹೊಗೆಸೊಪ್ಪಿನ ಹೊಲಗಳ ನಡುವೆ ಹಾದು, ಕೆರೆ ಏರಿ ಹತ್ತಿ ನಮ್ಮೂರಿಗೆ ಇಳಿಯುತ್ತಿತ್ತು. ಆ ಏರಿಯ ಮೇಲೆ ಒಬ್ಬ ಶನಿ ಗಂಟುಬಿದ್ದ. ಅನುಕೂಲಸ್ಥರ ಮನೆಯವನು, ಕೆಲಸವಿಲ್ಲ ಕಾರ್ಯವಿಲ್ಲ, ಕೂದಲಿಗೆ ಎಣ್ಣೆ ಮೆತ್ತಿಕೊಂಡು ಸೈಕಲ್ ತುಳಿಯುವುದೇ ಉದ್ಯೋಗ. ಮೊದಮೊದಲು ಹಿಂದಿನಿಂದ ಬೆಲ್ಲು ಹೊಡೆಯುತ್ತಿದ್ದ. ಆಮೇಲೆ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ಬರಲು ಶುರುಮಾಡಿದ. "ಮೇಷ್ಟ್ರಮ್ಮ, ನಂಗೂ ಅಆಇಈ ಯೋಳ್ಕೊಡಿ" ಅನ್ನುವುದು, ಹಲ್ಲು ಬಿಡುವುದು. ಒಂದು ಸಂಜೆ ಸೆರಗಿನ ತುದಿ ಹಿಡಿದು ಎಳೆದ. ಬಿಡಿಸಿಕೊಂಡು ಓಡಿದೆ. ಮನೆ ಮುಟ್ಟುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.

ಯಾರಿಗೆ ಹೇಳಲಿ? ಅತ್ತೆಗೆ ಹೇಳಿದರೆ ಮಾತು ಕಿವಿಗೆ ಬಿತ್ತು ಅಂತಲೇ ಲೆಕ್ಕ. ಯಜಮಾನರಿಗೆ ಹೇಳಿದರೆ, ಒಳ್ಳೆಯವರು ಪಾಪ, ಆದರೆ ಹೆದರುವ ಪೈಕಿ, ಬಿಟ್ಟುಬಿಡು ಅನ್ನುವರು. ಶಾಲೆಯಲ್ಲಿ ಹೇಳಿದರೆ ಊರಿಗೇ ಡಂಗುರ. ಯಾವ ಕಡೆ ಬಾಯಿ ತೆರೆದರೂ ಹೋಗುವುದು ನನ್ನ ಕೆಲಸವೇ. ತಪ್ಪು ಮಾಡಿದವನು ಅವನು, ಮನೆಯಲ್ಲಿ ಕೂರಬೇಕಾದವಳು ನಾನು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗ ನೆನಪಾದದ್ದು ಅಣ್ಣನ ಬೂಸದ ಮೂಟೆ. ಅತ್ತೆಯ ಮನೆಯ ಕೊಟ್ಟಿಗೆಯಲ್ಲೂ ಒಂದು ಮೂಟೆ ಇತ್ತು. ಬೆಳಿಗ್ಗೆ ಸೆಗಣಿ ಬಾಚಿ, ಗಂಜಲ ಗುಡಿಸಿ ಮುಗಿಸಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಆ ಮೂಟೆಗೆ ಬಿಡುತ್ತಿದ್ದೆ ನೋಡಿ! ಬೆರಳು ಹಿಂದಕ್ಕೆ, ಅಂಗೈ ಬುಡ ಮುಂದಕ್ಕೆ, ಧಡ್. ಕೈ ಅಭ್ಯಾಸ ಮರೆತಿರಲಿಲ್ಲ.

"ಅದೇನೇ ಸದ್ದು ಕೊಟ್ಗೇಲಿ?" ಎಂದು ಅತ್ತೆ ಕೂಗಿದರು.

"ಇಲಿ ಅತ್ತೆಮ್ಮ, ಇಲಿ ಬಡೀತಿದೀನಿ!"

"ಇಲಿಯೋ, ಎಗ್ಗಣವೋ?"

"ಎಗ್ಗಣವೇ!" ಎಂದು ಇನ್ನೊಂದು ಬಿಟ್ಟೆ.

ಇಷ್ಟೆಲ್ಲ ತಯಾರಿಯಲ್ಲಿ ಒಂದು ವಿಷಯ ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಹೆಂಗಸರು ಸೆಗಣಿ ಬಾಚುವಾಗಲಾಗಲಿ, ಮುದ್ದೆ ತೊಳಸುವಾಗಲಾಗಲಿ, ಕೈಬಳೆಗಳನ್ನು ಮೊಣಕೈ ಕಡೆಗೆ ಏರಿಸಿ ಬಿಗಿಮಾಡಿಕೊಳ್ಳುತ್ತೇವೆ. ಏರಿಸಬೇಕು ಎಂದು ಯೋಚಿಸುವುದೂ ಇಲ್ಲ, ಕೈ ತಾನಾಗಿ ಮಾಡುತ್ತದೆ. ಕೊಟ್ಟಿಗೆಯಲ್ಲಿ ನಾನು ಮೂಟೆಗೆ ಹೊಡೆಯುತ್ತಿದ್ದುದೆಲ್ಲ ಹಾಗೆ ಬಳೆ ಏರಿಸಿದ ಕೈಯಲ್ಲಿ. ಶಾಲೆಗೆ ಹೋಗುವ ಮೇಷ್ಟ್ರಮ್ಮನ ಬಳೆಗಳು ಮಾತ್ರ ಮಣಿಕಟ್ಟಿನಲ್ಲಿ ಲಕ್ಷಣವಾಗಿ ಘಲ್ಲೆನ್ನುತ್ತಿದ್ದವು. ಹಸಿರು ಗಾಜಿನ ಬಳೆ. ಅಣ್ಣ ಗಂಡಸು, ಅವನ ಪಾಠದಲ್ಲಿ ಬಳೆಯ ಮಾತೆಲ್ಲಿಂದ ಬರಬೇಕು?

ಕೊನೆಗೂ ಆ ಸಂಜೆ ಬಂತು. ಸೈಕಲ್ಲನ್ನು ಏರಿಗೆ ಅಡ್ಡ ಮಲಗಿಸಿ ನಿಂತಿದ್ದ. ಪಕ್ಕದಲ್ಲಿ ಹಾದುಹೋಗಲು ನೋಡಿದೆ, ಎಡಗೈ ಹಿಡಿದುಕೊಂಡ. "ಯಾಕಿಷ್ಟು ಬಿಂಕ?" ಎಂದ. ಅವನ ಬಾಯಿಂದ ಎಲೆಯಡಿಕೆಯ ವಾಸನೆ ಬಂತು. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಬಲಗೈ ತನ್ನ ಪಾಡಿಗೆ ತಾನು ಎದ್ದಿತು. ಅಂಗೈ ಬುಡ ಸರಿಯಾಗಿ ಅವನ ಮೂಗಿನ ಕೆಳಗೆ ಕೂತಿತು. ಏಟಿನ ರಭಸಕ್ಕೆ ಬಳೆಗಳೆಲ್ಲ ಮುಂದಕ್ಕೆ ಜಾರಿ, ಅವನ ಮೂತಿಗೂ ನನ್ನ ಮಣಿಕಟ್ಟಿಗೂ ನಡುವೆ ಸಿಕ್ಕಿ ಪುಡಿಪುಡಿಯಾದವು. ಅವನು "ಅಯ್ಯಯ್ಯಪ್ಪಾ" ಎಂದು ಮುಖ ಮುಚ್ಚಿಕೊಂಡು ಕೂತ. ನಾನು ಓಡಿದೆ.

ಏರಿ ಇಳಿದ ಮೇಲೆ ನೋಡುತ್ತೇನೆ, ಮಣಿಕಟ್ಟಿನ ಒಳಬದಿ ಕುಯ್ದು ರಕ್ತ ಸುರಿಯುತ್ತಿದೆ. ಬಲಗೈಯಲ್ಲಿ ಒಂದು ಬಳೆಯೂ ಇಲ್ಲ. ಅಯ್ಯೋ ಶಿವನೇ, ಕೆಟ್ಟೆ ಅನ್ನಿಸಿತು. ಗಾಯವನ್ನು ಸೆರಗಿನಲ್ಲಿ ಮುಚ್ಚಬಹುದು. ಮುತ್ತೈದೆ ಬರಿಗೈಯಲ್ಲಿ ಮನೆಗೆ ಹೋದರೆ ಯಾವ ಅತ್ತೆ ತಾನೇ ಯಾಕೆ ಅನ್ನದೆ ಬಿಟ್ಟಾಳು? ಎಡಗೈ ಬಳೆಗಳಲ್ಲಿ ಅರ್ಧ ತೆಗೆದು ಬಲಗೈಗೆ ಹಾಕಿಕೊಳ್ಳೋಣ ಎಂದು ಅಲ್ಲೇ ಕಾಲುವೆಯ ಪಕ್ಕ ಕೂತು ಒದ್ದಾಡಿದೆ. ಎಡಗೈಯವು ಬಲಗೈಗೆ ಹಿಡಿಯಲಿಲ್ಲ, ಕೈ ಬೇರೆ ಊದಿಕೊಂಡಿತ್ತು. ಮತ್ತೊಂದು ಬಳೆಯೂ ಹೋಯಿತು. ಅಳುತ್ತಾ ಮನೆಗೆ ಹೋದೆ.

ಅತ್ತೆ ಒಲೆಯ ಮುಂದಿದ್ದರು. ಏನೂ ಆಗದವಳ ಹಾಗೆ ಹೋಗಿ ಮುದ್ದೆ ಕೋಲು ಹಿಡಿದೆ. ಹಿಡಿದರೆ ತಾನೇ! ಕೋಲು ಕೈಜಾರಿ ಬಿತ್ತು. ಅತ್ತೆ ಸೆರಗು ಸರಿಸಿ ನೋಡಿದರು.

"ಬಿದ್ದೆ ಅತ್ತೆಮ್ಮ."

"ಬಿದ್ರೆ ಮೊಣಕೈ ತರೀತದೆ. ಇದು ಬಳೆ ಕುಯ್ದಿರೋದು." ಪಾತ್ರೆ ಇಳಿಸಿದರು. "ಯಾರು?"

ಎಲ್ಲ ಹೇಳಿಬಿಟ್ಟೆ. ಬೆಲ್ಲು, ಸೆರಗು, ಸೈಕಲ್ಲು, ಎಲ್ಲ. ಹೇಳುತ್ತಾ ಹೇಳುತ್ತಾ ನನ್ನ ಶಾಲೆ, ನನ್ನ ಮಕ್ಕಳು ಕಣ್ಣೆದುರಿಗೇ ದೂರ ಹೋಗುತ್ತಿದ್ದರು. ಅತ್ತೆ ಗಾಜಿನ ಚೂರು ಆರಿಸಿ ತೆಗೆದು, ಅರಿಶಿನ ಮೆತ್ತಿ, ಹಳೇ ಸೀರೆಯ ಬಟ್ಟೆ ಸುತ್ತಿದರು. ಆಮೇಲೆ ಕೇಳಿದರು.

"ನಿನ್ ಏಟು ಅವನಿಗೆ ಬಿತ್ತಾ?"

"ಬಿತ್ತು."

"ಸರ್ಯಾಗಿ ಬಿತ್ತಾ?"

"ಮೂಗಲ್ಲಿ ರಕ್ತ ಬಂತು ಅತ್ತೆಮ್ಮ."

"ಹೂಂ" ಎಂದರು. ಬಟ್ಟೆಯ ಗಂಟು ಬಿಗಿದು ರೇಗಿದರು, "ಸೆಗಣಿ ಬಾಚಕ್ಕೆ ಬಳೆ ಏರುಸ್ತೀಯ, ಅಂಥವನಿಗೆ ವಡ್ಯಕ್ಕೆ ಏರ್ಸಕ್ಕಾಗ್ಲಿಲ್ವ ನಿಂಗೆ? ಓದ್ದೋಳಂತೆ!"

ನಾನು ಬಾಯಿ ಬಿಟ್ಟುಕೊಂಡು ಅವರ ಮುಖ ನೋಡಿದೆ. ಅವರು ಮುದ್ದೆ ತೊಳಸುತ್ತಿದ್ದರು. ಕೆಲಸ ಬಿಡು ಎಂದು ಹೇಳಲಿಲ್ಲ. ಬಿಡಬೇಡ ಎಂದೂ ಹೇಳಲಿಲ್ಲ. ಬೆಳಿಗ್ಗೆ ನನ್ನ ಬರಿಗೈಗೆ ಅರಿಶಿನದ ದಾರ ಕಟ್ಟಿ, "ಬಳೆಗಾರ ಬರೋಗಂಟ ಇದಿರ್ಲಿ" ಎಂದರು. ಇದೇ ಕೊನೆಯ ದಿನ ಇರಬೇಕು ಎಂದುಕೊಂಡು ಶಾಲೆಗೆ ಹೋದೆ. ಅವತ್ತು ಮಕ್ಕಳು ಗಲಾಟೆ ಮಾಡಿದರೂ ಗದರಲಿಲ್ಲ.

ಸಂಜೆ ಶಾಲೆ ಬಿಟ್ಟು ಆಚೆ ಬಂದರೆ ಹುಣಸೆ ಮರದ ಕೆಳಗೆ ಅತ್ತೆ ನಿಂತಿದ್ದಾರೆ! ತಲೆಯ ಮೇಲೆ ಹುಲ್ಲಿನ ಹೊರೆ. "ಈ ಕಡೆ ಉಲ್ಲು ಚೆನ್ನಾಗದೆ" ಎಂದರು. ನಮ್ಮ ಹೊಲದ ಬದುವಿನಲ್ಲೇ ಆಳೆತ್ತರ ಹುಲ್ಲಿತ್ತು. ನಾನು ಅವರ ಹಿಂದೆ ನಡೆದೆ.

ಏರಿಯ ಮೇಲೆ ಅವನು ಇದ್ದೇ ಇದ್ದ. ಮೂಗು ಬದನೆಕಾಯಿಯಾಗಿತ್ತು, ಕೆನ್ನೆಯ ಮೇಲೆ ನನ್ನ ಬಳೆಯ ಗೀರು. ಅತ್ತೆಯನ್ನು ನೋಡಿದವನೇ ದೊಡ್ಡ ಮನುಷ್ಯನ ಹಾಗೆ ಶುರುಮಾಡಿದ.

"ಅಜ್ಜೀ, ನಿನ್ ಸೊಸೇನ ಮನೇಲಿ ಕಟ್ಟಾಕಂಡು ಮಡಿಕೊ. ಊರು ಮ್ಯಾಲೆ ಬುಟ್ಟಿದ್ದೀಯಲ್ಲ, ಜನ ಏನಂತಾರೆ? ನಾನೇ ನಿನ್ ಮಗನಿಗೆ ಯೋಳಿ ಕೆಲ್ಸ ಬುಡುಸ್ತೀನಿ."

ಅತ್ತೆ ಮೊದಲು ಹೇಳಿದ್ದೂ ಇದೇ ಮಾತು ತಾನೇ? ಎಡಗೈಯ ಬಳೆ ಏರಿಸುತ್ತಾ ಒಂದು ಹೆಜ್ಜೆ ಮುಂದೆ ಇಟ್ಟೆ. ಅತ್ತೆ ಹೊರೆ ಕೆಳಗಿಳಿಸಿ ನನ್ನನ್ನು ತಡೆದರು.

"ನೀನು ಇಂದಕ್ಕಿರವ್ವ. ನಿನ್ ಕೈಲಿ ಬಳೆ ಅವೆ."

ಆಮೇಲೆ ತಮ್ಮ ಎರಡೂ ಕೈಗಳನ್ನು ಅವನ ಮುಖದ ಮುಂದೆ ಹಿಡಿದರು. ಕಪ್ಪನೆಯ, ನರ ಉಬ್ಬಿದ, ಬೋಳು ಕೈಗಳು.

"ನೋಡ್ಲಾ ಇಲ್ಲಿ. ನನ್ನೊಟ್ಟೇಲಿ ಉಟ್ಟಿದ ಮಗನ ಮದ್ವೇಲೂ ಈ ಕೈಲಿ ಅರಿಶಿಣ ಮುಟ್ಟುಸ್ನಿಲ್ಲ ಜನ. ಇದ್ರಲ್ಲಿ ಒಡ್ಯಕ್ಕೆ ಏನೂ ಇಲ್ಲ ಕಣ್ಲಾ."

ಹೇಳಿ ಗುದ್ದಿದರು. ದವಡೆಗೆ ಬಿತ್ತು. ಅವನು ಸೈಕಲ್ ಸಮೇತ ಏರಿಯಿಂದ ಉರುಳಿ ಕೆಳಗಿನ ಜೊಂಡಿನಲ್ಲಿ ಹೋಗಿ ಬಿದ್ದ. ಅತ್ತೆ ತಿರುಗಿಯೂ ನೋಡಲಿಲ್ಲ. "ವೊರೆ ಎತ್ತು" ಎಂದರು. ಎತ್ತಿದೆ. ಅವರ ತಲೆಗೆ ಇಡಲು ಹೋದರೆ, ನನ್ನ ತಲೆಯ ಮೇಲೇ ಇಟ್ಟುಕೊಳ್ಳಲು ಹೇಳಿದರು. ಹೊರೆಯನ್ನು ಯಾಕೆ ನನಗೆ ಕೊಟ್ಟರು ಎಂದು ಆಗ ಗೊತ್ತಾಗಲಿಲ್ಲ.

ಏರಿಯ ತಿರುವು ದಾಟಿದ ಮೇಲೆ ಅತ್ತೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಮುಖದ ತುಂಬ ಬೆವರು. ಸೆರಗಿನೊಳಗಿಂದ ಬಲಗೈ ತೆಗೆದರು. ಹೆಬ್ಬೆರಳು ಬುಡದಲ್ಲಿ ಸೊಟ್ಟಗಾಗಿ ಊದಿಕೊಳ್ಳುತ್ತಿತ್ತು.

"ಅತ್ತೆಮ್ಮ, ಎಬ್ಬೆಟ್ಟ ಒಳಗೆ ಮಡಿಕಂಡು ಗುದ್ದುದ್ರಾ!" ಎಂದು ಕಿರುಚಿದೆ.

"ಒಳಗೆ ಮಡಗ್ದೆ ಆಚೆ ಮಡಗಿ ನೆಂಟ್ರಿಗೆ ತೋರುಸ್ಲಾ?" ಎಂದು ಹಲ್ಲು ಕಚ್ಚಿಕೊಂಡೇ ಬೈದರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅವರ ಕಾಲ ಬಳಿ ಕೂತು ಎರಡನ್ನೂ ಮಾಡಿದೆ.

ಮನೆಗೆ ಬಂದ ಮೇಲೆ ಮೂಳೆ ಕಟ್ಟುವವನನ್ನು ಕರೆಸಿದೆವು. ಅವನು ಎಳೆದು ಕೂರಿಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. "ಕೂಡ್ಕತದೆ, ಆದ್ರೆ ಮೊದ್ಲಿನಂಗೆ ಮಡುಚಕ್ಕಾಗಕಿಲ್ಲ ಕಣವ್ವ" ಎಂದು ಹೇಳಿ ಅವನು ಹೋದ. ಏನಾಯಿತು ಎಂದು ನೋಡಲು ಬಂದ ಅಕ್ಕಪಕ್ಕದವರಿಗೆಲ್ಲ ಅತ್ತೆ, "ನೀರು ಸೇದುವಾಗ ರಾಟೆಗೆ ಸಿಕ್ಕಾಕ್ಕಂತು" ಎಂದರು. ಶನಿವಾರ ಬಂದ ಮಗನಿಗೂ ಅದನ್ನೇ ಹೇಳಿದರು. ಸೈಕಲ್ಲಿನವನು ಎಲ್ಲೂ ಬಾಯಿ ಬಿಡಲಿಲ್ಲ. ಮುದುಕಿಯ ಕೈಯಲ್ಲಿ ಗುದ್ದು ತಿಂದೆ ಎಂದು ಯಾವ ಗಂಡಸು ಹೇಳಿಕೊಂಡಾನು? ಮತ್ತೆ ಆ ಏರಿಯ ಮೇಲೆ ಅವನ ಬೆಲ್ಲು ಕೇಳಲಿಲ್ಲ.

ಆದರೆ ಗುದ್ದಿದ ಮಾರನೆಯ ಬೆಳಿಗ್ಗೆ ನಡೆದದ್ದನ್ನು ಹೇಳದೆ ಇದು ಮುಗಿಯುವುದಿಲ್ಲ. ನಾನು ಎದ್ದು ಕೊಟ್ಟಿಗೆ ಗುಡಿಸಿದೆ, ನೀರು ತಂದೆ, ಕುಯ್ದ ಕೈಯಲ್ಲೇ ಹಾಗೂ ಹೀಗೂ ಮುದ್ದೆ ಮಾಡಿದೆ. ಅತ್ತೆ ಎಡಗೈಯಲ್ಲಿ ಮುದ್ದೆ ಮುರಿಯಲು ನೋಡುತ್ತಿದ್ದರು, ಆಗುತ್ತಿರಲಿಲ್ಲ. ಇಷ್ಟು ವರ್ಷ ಹೊಲ ಉತ್ತು, ಕಳೆ ಕಿತ್ತು, ಮನೆಯನ್ನು ಎತ್ತಿ ನಿಲ್ಲಿಸಿದ ಕೈ ಅದು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವರ ಬಾಯಿಗೆ ಇಟ್ಟೆ. ನುಂಗಿದರು. ಹೊತ್ತು ಏರುತ್ತಿತ್ತು. ನಾನು ಶಾಲೆಯ ಸೀರೆ ಉಟ್ಟಿರಲಿಲ್ಲ.

"ಯಾಕೆ, ಇನ್ನೂ ವೊರಟಿಲ್ಲ?" ಎಂದರು.

"ನಾನು ಓಗಲ್ಲ ಅತ್ತೆಮ್ಮ. ಕೆಲ್ಸ ಬುಟ್ಬುಡ್ತೀನಿ. ನಿಮ್ಮುನ್ನ ಇಂಗೆ ಬುಟ್ಟು ಎಂಗೋಗ್ಲಿ? ನಂದೆಸೆಯಿಂದ ತಾನೇ ಇದೆಲ್ಲ."

ಅತ್ತೆ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಥೂ, ಮುಚ್ಚು ಬಾಯ! ನೀನು ಮನೇಲಿ ಕುಂತ್ಕಳ್ಲಿ ಅಂತ ನಾನು ಬೆಳ್ಳು ಮುರ್ಕಂಡ್ನಾ? ಇನ್ಮ್ಯಾಕೆ ಆ ಕೆಲ್ಸ ನಿಂದೊಂದೇ ಅಲ್ಲ ಕಣೇ. ಅದ್ರಲ್ಲಿ ನಂದೂ ಒಂದು ಬೆಳ್ಳದೆ. ಏಳು, ಸೀರೆ ಉಟ್ಕೊ. ಮಕ್ಳು ಬಂದಿರ್ತವೆ."

ಸೀರೆ ಉಟ್ಟುಕೊಂಡೆ. ಕಣ್ಣೊರೆಸಿಕೊಂಡು, ಚೀಲ ಹಾಕಿಕೊಂಡು ಹೊರಟೆ. ನಾನು ಏರಿ ಹತ್ತುವವರೆಗೂ ಅತ್ತೆ ಬಾಗಿಲಲ್ಲೇ ನಿಂತಿದ್ದರು.